ನೂರಕ್ಕೆ ನೂರು ಹತ್ತಿ

ನಮ್ಮ ಮನೆಯಲ್ಲಿ ಕಿರಾಣಿ ಚೀಟಿ ಬರೆಯುವುದು ನನ್ನ ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಿ. ಐನೂರು ಮಾಡಿಸಿದ್ದೆ, ಹಂಚಿದ್ದು ಅರುವತ್ತೋ ಎಪ್ಪತ್ತೋ. ಉಳಿದವು ಈಗ ಬೇರೆ ಬೇರೆ ಹುದ್ದೆಗಳಲ್ಲಿವೆ. ಕೆಲವು ಮಡಚಿಕೊಂಡು ಗ್ರೈಂಡರಿನ ಕಾಲಡಿ ಕೂತು ಅದು ಕುಂಟದಂತೆ ನೋಡಿಕೊಳ್ಳುತ್ತಿವೆ. ಒಂದು ಪಂಚಾಂಗದೊಳಗೆ ಸೇರಿ ಏಕಾದಶಿಯ ಪುಟ ಕಾಯುತ್ತಿದೆ. ಇವತ್ತು ಬೆಳಿಗ್ಗೆ 'ಉದ್ದಿನಬೇಳೆ, ಹುಣಸೆಹುಳಿ, ಒಣಮೆಣಸು' ಎಂದು ಬರೆದು ಕಾರ್ಡು ತಿರುಗಿಸಿದರೆ, ಆ ಬದಿಯಲ್ಲಿ ಹಸಿರು ಶಾಯಿಯಲ್ಲಿ ನನ್ನ ಹೆಸರು, ಅದರ ಕೆಳಗೆ 'ಮುಖ್ಯ ಸಂಪರ್ಕಾಧಿಕಾರಿ' ಎಂಬ ಹುದ್ದೆ, ಅದರ ಕೆಳಗೆ ನಮ್ಮ ಚೀಲಗಳು ನೂರಕ್ಕೆ ನೂರು ಹತ್ತಿ ಎಂಬ ಘೋಷಣೆ, ಎಲ್ಲವೂ ಇಂಗ್ಲಿಷಿನಲ್ಲಿ. ಈ ಮೂರರಲ್ಲಿ ನಿಜವಾದದ್ದು ನನ್ನ ಹೆಸರು ಮಾತ್ರ.

ನಾನು ಉಡುಪಿ ಕಡೆಯವನು. ವಿಮಾ ಕಂಪನಿಯ ಗುಮಾಸ್ತನಾಗಿ ಗುಜರಾತಿಗೆ ಬಂದು, ಮೂವತ್ತೆರಡು ವರ್ಷ ಅಹಮದಾಬಾದ್, ವಡೋದರ, ಸೂರತ್ ಎಂಬ ಮೂರು ಊರುಗಳ ನಡುವೆ ವರ್ಗವಾಗುತ್ತ ಆಗುತ್ತ, ಒಂದು ಬೆನ್ನುನೋವನ್ನೂ ಅರೆಬರೆ ಗುಜರಾತಿಯನ್ನೂ ಸಂಪಾದಿಸಿ ನಿವೃತ್ತನಾದೆ. ಈಗ ಅಹಮದಾಬಾದಿನ ನವರಂಗಪುರದಲ್ಲಿ ಎರಡನೇ ಮಹಡಿಯ ಫ್ಲ್ಯಾಟು. ಕಂಪನಿ ನನ್ನನ್ನು ಯಾವುದಕ್ಕೂ ಮುಖ್ಯಸ್ಥನನ್ನಾಗಿ ಮಾಡಿರಲಿಲ್ಲ. ಹಾಗಾಗಿ ನಿವೃತ್ತಿಯ ಮರುವರ್ಷ ನನಗೆ ನಾನೇ ಬಡ್ತಿ ಕೊಟ್ಟುಕೊಂಡೆ. ಸಂಸ್ಥೆ ನನ್ನದಲ್ಲ, ನನ್ನ ಹೆಂಡತಿ ವಸಂತಿಯದು.

ವಸಂತಿ ಹಿಂದಿನ ಕೋಣೆಯಲ್ಲಿ ಅಕ್ಕಪಕ್ಕದ ಇಬ್ಬರು ಹೆಂಗಸರನ್ನು ಕೂಡಿಸಿಕೊಂಡು ಕೈಚೀಲ ಹೊಲಿಯುತ್ತಾಳೆ. ಸೂರತ್ತಿನ ಸೀರೆ ಮಾರುಕಟ್ಟೆಯಲ್ಲಿ ಉಳಿಯುವ ಚಿಂದಿ, ಅಂದರೆ ಬಟ್ಟೆಯ ಥಾನಿನ ಕೊನೆಯ ತುಂಡುಗಳು, ಅಂಚು ಹರಿದವು, ಅಚ್ಚು ತಪ್ಪಿದವು, ಇವನ್ನೆಲ್ಲ ಮಂಜುಳಾಬೆನ್ ಎಂಬಾಕೆ ಗಂಟು ಕಟ್ಟಿ ಟೆಂಪೋದಲ್ಲಿ ಕಳಿಸುತ್ತಾರೆ. ಮಂಜುಳಾಬೆನ್ ಸೂರತ್ತಿನ ಹೊಲಿಗೆ ತರಗತಿಯಲ್ಲಿ ವಸಂತಿಯ ಪಕ್ಕ ಕೂರುತ್ತಿದ್ದವರು. ಆ ಡಿಪ್ಲೊಮಾ ಮುಗಿಯಲು ನಾಲ್ಕು ತಿಂಗಳಿರುವಾಗ ನನಗೆ ವಡೋದರಕ್ಕೆ ಟ್ರಾನ್ಸ್‌ಫರ್ ಬಂತು. ವಡೋದರದಲ್ಲಿ ಅಲ್ಕಾಪುರಿಯ ಒಂದು ಉಡುಪಿ ಹೋಟೆಲಿನ ಮಹಡಿಯಲ್ಲಿ ಪ್ರತಿ ಶನಿವಾರ ಹನ್ನೊಂದು ಮಕ್ಕಳಿಗೆ ಅವಳು ಕನ್ನಡ ಕಲಿಸುತ್ತಿದ್ದಳು. ಮಕ್ಕಳು ಕಾಗುಣಿತ ದಾಟಿ ಒತ್ತಕ್ಷರಕ್ಕೆ ಬಂದಾಗ ಅಹಮದಾಬಾದಿನ ಆರ್ಡರ್ ಬಂತು. ಪ್ರತಿ ಸಲವೂ ನಾನು ಆರ್ಡರನ್ನು ಪ್ರಶಸ್ತಿಪತ್ರದ ಹಾಗೆ ಹಿಡಿದುಕೊಂಡು ಮನೆಗೆ ಬರುತ್ತಿದ್ದೆ, ಅವಳು ಹೊಲಿಗೆ ಯಂತ್ರಕ್ಕೆ ಹಳೇ ಬೆಡ್‌ಶೀಟು ಸುತ್ತುತ್ತಿದ್ದಳು. ಈ ಚೀಲದ ಕೆಲಸವೊಂದೇ ನನ್ನ ಯಾವ ಆರ್ಡರೂ ತುಂಡು ಮಾಡಲಾಗದ್ದು. ಅದನ್ನು ದೊಡ್ಡದು ಮಾಡಿಕೊಡುವುದು ನನ್ನ ಕರ್ತವ್ಯ ಎಂದುಕೊಂಡೆ. ಆಪತ್ತು ಶುರುವಾದದ್ದು ಅಲ್ಲಿಂದಲೇ.

ಇದೇ ಅಹಮದಾಬಾದಿನ ವಸ್ತ್ರಾಪುರದ ಒಂದು ಸಭಾಂಗಣದಲ್ಲಿ 'ಸಸ್ಟೈನಬಲ್' ವ್ಯಾಪಾರ ಮಾಡುವವರು, ಮಾಡಬೇಕೆಂದಿರುವವರು ತಿಂಗಳಿಗೊಮ್ಮೆ ಸೇರುತ್ತಾರೆ, ಒಬ್ಬರನ್ನೊಬ್ಬರು ಪರಿಚಯ ಮಾಡಿಕೊಳ್ಳುತ್ತಾರೆ ಎಂದು ಪತ್ರಿಕೆಯಲ್ಲಿ ಓದಿದೆ. ಚಹಾ ಉಚಿತ ಎಂದೂ ಇತ್ತು. ಹೋದೆ. ಬಿದಿರಿನ ಹಲ್ಲುಜ್ಜುವ ಬ್ರಷ್ಷಿನವರು, ದೇವಸ್ಥಾನದ ಬಾಡಿದ ಹೂವಿನಿಂದ ಊದುಬತ್ತಿ ಮಾಡುವವರು, ಸೆಗಣಿಯಿಂದ ಗೋಡೆಗಡಿಯಾರ ಮಾಡಿದ ಒಬ್ಬ ತರುಣ, ಎಲ್ಲರೂ ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಮಾತಾಡುತ್ತಿದ್ದರು. ಎ.ಸಿ. ಮಾತ್ರ ಎಷ್ಟು ಜೋರಾಗಿತ್ತೆಂದರೆ ಖಾದಿ ಕುರ್ತಾದವರೆಲ್ಲ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡಿದ್ದರು. ನಾನು ಸ್ವೆಟರ್ ತಾರದ್ದಕ್ಕೆ ಪರಿತಪಿಸಿದೆ.

ಅಲ್ಲಿಯ ಪದ್ಧತಿ ಏನೆಂದರೆ, ಪ್ರತಿಯೊಬ್ಬರೂ ಎದ್ದು ನಿಂತು ಒಂದು ನಿಮಿಷದಲ್ಲಿ ತಮ್ಮನ್ನೂ ತಮ್ಮ ಸರಕನ್ನೂ ಹೊಗಳಿಕೊಳ್ಳಬೇಕು. ನಿಮಿಷ ಮುಗಿದ ಕೂಡಲೇ ಒಬ್ಬಾಕೆ ಪೂಜೆಯ ಗಂಟೆ ಅಲ್ಲಾಡಿಸುತ್ತಾರೆ. ನೀವೇ ಹೇಳಿ, ನಮ್ಮ ಕಡೆ ಹೀಗೆ ಯಾರಾದರೂ ಮಾಡುತ್ತಾರೆಯೇ? ನಾನು ಹುಡುಗನಾಗಿದ್ದಾಗ ಮದುವೆಮನೆಗಳಲ್ಲಿ ನೋಡಿದ್ದು ಬೇರೆಯದೇ ರೀತಿ. ನಾವು ಬಾಯಿಬಿಟ್ಟು ನಮ್ಮ ಹೆಸರು ಹೇಳುವಂತಿರಲಿಲ್ಲ. ಎಲೆಯಡಿಕೆಯ ತಟ್ಟೆಯ ಹತ್ತಿರ ಕೂತ ಹಿರಿಯರೊಬ್ಬರು "ನೀನು ಯಾರ ಪೈಕಿ ಮಾರಾಯ?" ಎಂದು ಕೇಳುತ್ತಿದ್ದರು. ಅಪ್ಪನ ಹೆಸರು ಹೇಳಿದರೆ ಸಾಲದು, ಅಜ್ಜಿಯ ತವರುಮನೆ ಬರಬೇಕು, ಅಲ್ಲಿಂದ ಒಬ್ಬ ಸೋದರಮಾವ ಹುಟ್ಟಿ, ಕೊನೆಗೆ ಆ ಹಿರಿಯರು ನನಗೆ ಭಾವನೋ ಚಿಕ್ಕಪ್ಪನೋ ಆಗುವವರೆಗೆ ಪರಿಚಯ ಮುಗಿಯುತ್ತಿರಲಿಲ್ಲ. ಅದಕ್ಕೆ ಒಂದು ಮಧ್ಯಾಹ್ನ ಬೇಕು. ನಮ್ಮಮ್ಮನಿಗಂತೂ ತನ್ನದನ್ನು ತಾನೇ ಹೊಗಳುವವರನ್ನು ಕಂಡರೆ ಆಗುತ್ತಿರಲಿಲ್ಲ. ಊರಿಗೇ ಹೆಸರಾದ ತನ್ನ ಉಪ್ಪಿನಕಾಯಿಯನ್ನು ಬಡಿಸುವಾಗಲೂ "ಈ ಸಲ ಸರಿಯಾಗಲಿಲ್ಲ" ಎನ್ನುತ್ತಿದ್ದಳು.

ಇನ್ನು ಬಟ್ಟೆಚೀಲದ ವಿಷಯಕ್ಕೆ ಬಂದರೆ ನನ್ನ ಚರಿತ್ರೆ ಶುದ್ಧವಾದದ್ದಲ್ಲ. ಅಪ್ಪನ ಪ್ಯಾಂಟು ಹಿಂಬದಿಯಲ್ಲಿ ಸವೆದು ಹೋದ ಮೇಲೆ ಅಮ್ಮ ಅದರ ಕಾಲು ಕತ್ತರಿಸಿ, ಒಂದು ಬಾಯಿ ಹೊಲಿದು, ಹಿಡಿಕೆ ಇಟ್ಟು ಅಕ್ಕಿ ತರುವ ಚೀಲ ಮಾಡುತ್ತಿದ್ದಳು. ಅಂಗಡಿಗೆ ನಾನೇ ಹೋಗಬೇಕು. ಅಕ್ಕಿ ತುಂಬಿದ ಮೇಲೆ ಅದು ಮೊಣಕಾಲು ಮಡಚದ ಅಪ್ಪನ ಕಾಲೇ. ದಾರಿಯಲ್ಲಿ ಸಹಪಾಠಿಗಳು ಸಿಕ್ಕರೆ "ನಿನ್ನ ಅಪ್ಪನನ್ನು ಎಲ್ಲಿಗೆ ಕರ್ಕೊಂಡು ಹೋಗ್ತಿದ್ದಿ?" ಎಂದು ಕೇಳುತ್ತಿದ್ದರು. ಊರಿಗೆ ಪ್ಲಾಸ್ಟಿಕ್ ಕೈಚೀಲ ಬಂದಾಗ ನಾನು ಪಟ್ಟಷ್ಟು ಸಂತೋಷ ಇನ್ಯಾರೂ ಪಟ್ಟಿರಲಾರರು. ಅಂಥವನು ಈಗ ಬಟ್ಟೆಚೀಲದ ವಕೀಲನಾಗಿ ವಸ್ತ್ರಾಪುರದಲ್ಲಿ ಎದ್ದು ನಿಂತಿದ್ದೆ.

ನಿಂತವನು "ಯು. ಕೆ. ಎಸ್. ರಾವ್" ಎಂದೆ. "ಯು ಅಂದರೇನು, ಕೆ ಅಂದರೇನು?" ಎಂದು ಯಾರೋ ಕೇಳಿದರು. ಊರು, ಅಪ್ಪ, ನಾನು ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳುವಷ್ಟರಲ್ಲಿ ನಲವತ್ತೈದು ಸೆಕೆಂಡು ಹೋಯಿತು. ಗಂಟೆಯಾಕೆ ಗಂಟೆಯನ್ನು ಕೈಗೆತ್ತಿಕೊಂಡರು. ನಾನು ಗಾಬರಿಯಿಂದ ವಸಂತಿಯ ಚೀಲವನ್ನು ಎತ್ತಿ ಹಿಡಿದೆ. "ಬಟ್ಟೆ ಯಾವುದು?" ಎಂದು ಮುಂದಿನ ಸಾಲಿನಿಂದ ಪ್ರಶ್ನೆ ಬಂತು. ನನಗಿಂತ ಮೊದಲು ಎದ್ದ ಮೂವರೂ ತಮ್ಮದು 'ಸೋ ಟಕಾ', ಅಂದರೆ ನೂರಕ್ಕೆ ನೂರು ಶುದ್ಧ ಎಂದಿದ್ದರು. ಅದೇ ಪದ ನಾಲಿಗೆಯ ಮೇಲಿತ್ತು. "ಸೋ ಟಕಾ ಕಾಟನ್" ಎಂದೆ, ಗಂಟೆ ಹೊಡೆಯಿತು, ಚಪ್ಪಾಳೆ ಬಿತ್ತು. ಬಟ್ಟೆ ಯಾವುದೆಂದು ನಾನು ವಸಂತಿಯನ್ನು ಒಂದು ದಿನವೂ ಕೇಳಿರಲಿಲ್ಲ.

ಚಹಾದ ಹೊತ್ತಿಗೆ ಜಯಂತಿಭಾಯಿ ಎಂಬ ಎಪ್ಪತ್ತರ ಹಿರಿಯರು ಬಂದು ಚೀಲವನ್ನು ಕೈಗೆ ತೆಗೆದುಕೊಂಡು, ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಎರಡು ಸಲ ಉಜ್ಜಿ, ನನ್ನ ಮುಖ ನೋಡಿ ನಕ್ಕರು. ಬದುಕಿಡೀ ಜವಳಿ ವ್ಯಾಪಾರ ಮಾಡಿ ಈಗ ಮಗನಿಗೆ ಅಂಗಡಿ ಬಿಟ್ಟುಕೊಟ್ಟವರಂತೆ. "ರಾವ್ ಸಾಹೇಬ್, ನೀವು ಮುಂದೆ ಬರುತ್ತೀರಿ. ಅಹಮದಾಬಾದ್, ವಡೋದರ, ಸೂರತ್, ಮೂರು ಊರಿನ ಸಭೆಗೂ ನಿಮ್ಮನ್ನು ನಾನೇ ಕರೆದುಕೊಂಡು ಹೋಗುತ್ತೇನೆ" ಎಂದು ಬೆನ್ನು ತಟ್ಟಿದರು. ಆ ನಗುವಿನ ಅರ್ಥ ಆಗ ನನಗೆ ತಿಳಿಯಲಿಲ್ಲ. ಮರುದಿನವೇ ಹೋಗಿ ಐನೂರು ಕಾರ್ಡಿಗೆ ಹೇಳಿಬಂದೆ. ವಸಂತಿಗೆ ಇಂಗ್ಲಿಷ್ ಓದಲು ಬರುತ್ತದೆ, ಆದರೆ ನಾನು ತೋರಿಸಿದರೆ ತಾನೇ?

ಮುಂದಿನ ಸಭೆ ವಡೋದರದಲ್ಲಿ. ಬೆಳಗಿನ ಇಂಟರ್‌ಸಿಟಿ ಹತ್ತಿದೆ. ಆ ರೈಲಿನಲ್ಲಿ 'ಅಪ್-ಡೌನ್' ಜನರದ್ದೇ ರಾಜ್ಯ. ಅಹಮದಾಬಾದಿನಲ್ಲಿ ಮನೆ, ವಡೋದರದಲ್ಲಿ ಕೆಲಸ, ದಿನಾ ಪಾಸಿನಲ್ಲಿ ಹೋಗಿಬರುವವರು. ಗಂಡಸರು ಬ್ರೀಫ್‌ಕೇಸಿನ ಮೇಲೆ ಇಸ್ಪೀಟು ಹರಡುತ್ತಾರೆ, ಹೆಂಗಸರು ಸಂಜೆಯ ಅಡುಗೆಗೆ ಬಟಾಣಿ ಸುಲಿದು ಮುಗಿಸುತ್ತಾರೆ. ನನ್ನ ಎದುರಿಗೆ ಕೂತವರು ಹಂಸಾಬೆನ್, ಬ್ಯಾಂಕಿನ ಕ್ಯಾಷಿಯರು. ನಾನು ಮೈಗೂಡಿಸಿಕೊಂಡ ಹೊಸ ಉತ್ಸಾಹದಲ್ಲಿ ಅವರಿಗೂ ಕಾರ್ಡು ಕೊಟ್ಟೆ. ಅವರು ಕಾರ್ಡು ಓದಿದರು, ಚೀಲ ಮುಟ್ಟಿದರು, ಬಟಾಣಿ ಸುಲಿಯುವುದನ್ನು ನಿಲ್ಲಿಸದೆ, "ಭಾಯ್, ಆ ತೋ ಪೋಲಿಯೆಸ್ಟರ್ ಛೇ" ಎಂದರು. ಇದು ಪಾಲಿಯೆಸ್ಟರ್.

ಇದು ಸೂರತ್ತಿನ ಸೀರೆಯ ಬಟ್ಟೆ, ಹತ್ತಿಯೇ ಎಂದು ನಾನು ವಾದಿಸಿದೆ. ಮೂವತ್ತೆರಡು ವರ್ಷ ವಿಮೆಯಲ್ಲಿದ್ದವನು ವಾದದಲ್ಲಿ ಹಿಂದೆ ಬೀಳುವುದಿಲ್ಲ. ಹಂಸಾಬೆನ್ ಮಗುವಿಗೆ ಹೇಳುವಂತೆ ಹೇಳಿದರು, "ಸೂರತ್ತಿನ ಸೀರೆ ಹತ್ತಿಯದಾಗಿರುತ್ತದೆಯೇ? ಒಂದು ನೂಲು ಎಳೆದು ಸುಟ್ಟು ನೋಡಿ. ಹತ್ತಿಯಾದರೆ ಕಾಗದದ ವಾಸನೆ, ಬೂದಿ. ಪಾಲಿಯೆಸ್ಟರಾದರೆ ಮುದುಡಿ ಮಣಿಯಾಗುತ್ತದೆ. ಗುಜರಾತಿನಲ್ಲಿ ಇದು ಮಕ್ಕಳಿಗೂ ಗೊತ್ತು." ಅಷ್ಟು ಹೇಳಿ ನನ್ನ ಸಮಾಧಾನಕ್ಕೆ ಒಂದು ಹಿಡಿ ಬಟಾಣಿ ಕೊಟ್ಟರು. ತಿಂದೆ.

ವಡೋದರ ನಿಲ್ದಾಣದ ಹೊರಗೆ ಚಹಾದ ಗಾಡಿಯವನ ಹತ್ತಿರ ಬೆಂಕಿಪೆಟ್ಟಿಗೆ ಕೇಳಿದೆ. ಅವನು ಸಿಗರೇಟಿಗೆಂದು ತಿಳಿದು ಕೊಟ್ಟ. ನಾನು ಚೀಲದ ಅಂಚಿನಿಂದ ನೂಲೊಂದನ್ನು ಎಳೆದು ಕಡ್ಡಿ ಗೀರಿದೆ. ಅದು ಉರಿಯಲಿಲ್ಲ, ಹಿಂದೆ ಸರಿಯಿತು, ಕಪ್ಪು ಹೊಗೆ ಬಿಟ್ಟು ಸಾಸಿವೆಕಾಳಿನಷ್ಟು ದೊಡ್ಡ ಕರಿಮಣಿಯಾಗಿ ಬೆರಳಿಗೆ ಅಂಟಿ ಸುಟ್ಟಿತು. ಇನ್ನೊಂದು ಎಳೆದೆ. ಇನ್ನೊಂದು ಮಣಿ. ಎಲ್ಲಿಯಾದರೂ ಒಂದಾದರೂ ಹತ್ತಿಯ ನೂಲು ಇರಬಹುದೆಂಬ ಆಸೆಯಿಂದ ಏಳು ಕಡ್ಡಿ ಮುಗಿಸಿದೆ. "ಸಾಹೇಬ್, ಚೀಲ ಸುಡುವುದಾದರೆ ಸ್ವಲ್ಪ ಆಚೆ ಹೋಗಿ" ಎಂದ ಚಹಾದವನು. ಪ್ಲಾಸ್ಟಿಕ್ ಬೇಡ ಎಂದು ಸಾರಲು ಹೊರಟು, ನಾನು ಕೈಯಲ್ಲಿ ಹಿಡಿದು ತಿರುಗಿದ್ದು ಪ್ಲಾಸ್ಟಿಕ್ಕಿನ ಅಣ್ಣತಮ್ಮನನ್ನೇ.

ಅಲ್ಕಾಪುರಿಯ ಸಭೆಯಲ್ಲಿ ನನ್ನ ಸ್ಥಿತಿ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನದ್ದು. ಯಾರು ಕೆಮ್ಮಿದರೂ ನನ್ನನ್ನೇ ಕಂಡು ಕೆಮ್ಮಿದಂತೆ. ಜಯಂತಿಭಾಯಿ ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಇವರು ದಕ್ಷಿಣದವರು. ದಕ್ಷಿಣದವರು ಸೀದಾ ಜನ. ಇವರ ಚೀಲ ಸೋ ಟಕಾ ಕಾಟನ್" ಎಂದು ಸೇರಿದವರಿಗೆ ಪರಿಚಯಿಸಿದರು. ನಾನು ಬಾಯಿ ಬಿಡಬಹುದಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ತಲೆಯಾಡಿಸಿ ಕೂತೆ. ಅಲ್ಲೇ ಇದ್ದ ಫಾಲ್ಗುಣಿಬೆನ್, ಸೂರತ್ತಿನಲ್ಲಿ ಸಾವಯವ ಧಾನ್ಯದ ಅಂಗಡಿ ಇಟ್ಟವರು, ಚೀಲವನ್ನು ದೂರದಿಂದ ನೋಡಿ ಮೆಚ್ಚಿ, ತಮ್ಮ ಗಿರಾಕಿಗಳಿಗೆ ಕೊಡಲು ಐನೂರು ಚೀಲ ಬೇಕೆಂದರು. ಮುಂದಿನ ಸೂರತ್ ಸಭೆಗೆ ಮಾದರಿ ತಂದುಕೊಡಬೇಕಂತೆ.

ಇದನ್ನು ಮನೆಯಲ್ಲಿ ಹೇಳಿದಾಗ ವಸಂತಿ ಗಾಲಿಯ ಮೇಲೆ ಕೈಯಿಟ್ಟು ಯಂತ್ರ ನಿಲ್ಲಿಸಿದಳು.

"ಐನೂರಾ? ಸರಿಯಾಗಿ ಕೇಳಿಸಿಕೊಂಡಿದ್ದೀರಾ ನೀವು?"

"ಐನೂರು."

"ಹಾಗಾದ್ರೆ ಮೇಲಿನ ಮನೆಯ ರೇಖಾಬೆನ್‌ಗೂ ಹೇಳ್ಬೇಕು. ಅವರಿಗೂ ಎಂತಾದ್ರೂ ಕೆಲಸ ಬೇಕಂತೆ ಪಾಪ" ಎಂದಳು. ಮರುದಿನ ಯಂತ್ರಕ್ಕೆ ಎಣ್ಣೆ ಬಿತ್ತು, ಗೋಡೆಗೆ ಹೊಸ ಟ್ಯೂಬ್‌ಲೈಟ್ ಬಂತು, ರೇಖಾಬೆನ್ ತಮ್ಮದೇ ಕತ್ತರಿ ತಂದರು. ಎಷ್ಟೋ ವರ್ಷಗಳ ನಂತರ ವಸಂತಿ ಕೆಲಸ ಮಾಡುತ್ತ ಹಾಡುವುದನ್ನು ಕೇಳಿದೆ. ನನಗೆ ಊಟ ಸೇರುತ್ತಿರಲಿಲ್ಲ. ಅವಳು ಅಜೀರ್ಣವೆಂದು ಓಮದ ಕಷಾಯ ಮಾಡಿಕೊಟ್ಟಳು. ಪಾಪಪ್ರಜ್ಞೆಗೆ ಓಮದಿಂದ ಏನೂ ಆಗುವುದಿಲ್ಲ.

ಚಾಲ್ಸೆ, ನಡೆಯುತ್ತದೆ, ಎಂದು ಗುಜರಾತಿಗಳು ಹೇಳುವ ಹಾಗೆ ನಾನೂ ಹೇಳಿಕೊಂಡು ನಡೆಸಿಬಿಡುತ್ತಿದ್ದೆನೋ ಏನೋ. ಆದರೆ ಸಭೆಗೆ ಎರಡು ದಿನ ಮೊದಲು ಫಾಲ್ಗುಣಿಬೆನ್ ಫೋನ್ ಮಾಡಿದರು. ಚೀಲಗಳ ಮೇಲೆ ತಮ್ಮ ಅಂಗಡಿಯ ಹೆಸರನ್ನು ಅರಿಶಿನ, ದಾಳಿಂಬೆ ಸಿಪ್ಪೆಯ ಬಣ್ಣದಲ್ಲೇ ಅಚ್ಚು ಹಾಕಿಸುತ್ತಾರಂತೆ. "ಹತ್ತಿಯಾದ್ದರಿಂದ ಬಣ್ಣ ಚೆನ್ನಾಗಿ ಹಿಡಿಯುತ್ತದೆ ಅಲ್ಲವೇ ರಾವ್ ಭಾಯ್?" ಎಂದರು. ಪಾಲಿಯೆಸ್ಟರಿಗೆ ಆ ಬಣ್ಣ ಒಂದು ಒಗೆತಕ್ಕೂ ನಿಲ್ಲುವುದಿಲ್ಲವೆಂದು ಅಷ್ಟು ಹೊತ್ತಿಗೆ ನಾನು ಮೊಬೈಲಿನಲ್ಲಿ ಓದಿಯಾಗಿತ್ತು. ಐನೂರು ಚೀಲ ಹೊಲಿದ ಮೇಲೆ ಐನೂರೂ ವಾಪಸು ಬಂದು ಆ ಹಿಂದಿನ ಕೋಣೆಯಲ್ಲಿ ಬಿದ್ದಿರುತ್ತವೆ, ವಸಂತಿ ಮತ್ತೆ ಯಂತ್ರಕ್ಕೆ ಬೆಡ್‌ಶೀಟು ಸುತ್ತುತ್ತಾಳೆ. ಈ ಸಲ ಟ್ರಾನ್ಸ್‌ಫರ್ ಆರ್ಡರಿನ ನೆಪವೂ ನನಗಿಲ್ಲ.

ಸೂರತ್ತಿನ ಸಭೆಯಲ್ಲಿ ನನ್ನ ಸರದಿ ಬಂದಾಗ ಹೆಸರು ಬಿಡಿಸಲು ಹೋಗಲಿಲ್ಲ. "ಈ ಚೀಲ ಹತ್ತಿಯದಲ್ಲ, ಪಾಲಿಯೆಸ್ಟರ್. ವಸ್ತ್ರಾಪುರದಲ್ಲಿ ಗೊತ್ತಿಲ್ಲದೆ ಸುಳ್ಳು ಹೇಳಿದೆ, ವಡೋದರದಲ್ಲಿ ಗೊತ್ತಿದ್ದೂ ಸುಮ್ಮನಿದ್ದೆ. ಹೊಲಿಯುವವಳು ನನ್ನ ಹೆಂಡತಿ, ತಪ್ಪು ಅವಳದಲ್ಲ, ನನ್ನದು" ಎಂದೆ. ಇನ್ನೂ ಅರ್ಧ ನಿಮಿಷ ಉಳಿದಿತ್ತು.

ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಭೆ ನಕ್ಕಿತು. ಸೂರತ್ತಿನವರು, ಅರ್ಧಕ್ಕರ್ಧ ಜನರ ಮನೆಯಲ್ಲಿ ಪಾಲಿಯೆಸ್ಟರ್ ಮಗ್ಗ ಓಡುತ್ತದೆ, ಚೀಲ ಬಾಗಿಲು ದಾಟುವಾಗಲೇ ಅವರಿಗೆ ಗೊತ್ತಾಗಿತ್ತು. ನಾನು ಇಂಗು ತಿಂದ ಮಂಗನಂತೆ ಜಯಂತಿಭಾಯಿಯ ಕಡೆ ನೋಡಿದೆ.

"ನಿಮಗೆ ಗೊತ್ತಿತ್ತೇ?"

"ಮುಟ್ಟಿದ ಕೂಡಲೇ" ಎಂದರು ಅವರು. "ಆದರೆ ನಿಮಗೆ ಗೊತ್ತಿಲ್ಲವೆಂದು ನನಗೆ ಗೊತ್ತಿರಲಿಲ್ಲ. ಇಷ್ಟು ಜನ ಜವಳಿಯವರ ಎದುರು ಪಾಲಿಯೆಸ್ಟರ್ ಹಿಡಿದು ಕಾಟನ್ ಎನ್ನುತ್ತಾನಲ್ಲ, ಎಂಥ ಗಟ್ಟಿ ಎದೆ, ಇವನು ವ್ಯಾಪಾರದಲ್ಲಿ ಮುಂದೆ ಬರುತ್ತಾನೆ ಎಂದುಕೊಂಡೆ. ಈಗ ನೋಡಿದರೆ ನೀವು ನಿಜವಾಗಿಯೂ ಸೀದಾ ಮನುಷ್ಯ." ಅವರ ದನಿಯಲ್ಲಿ ನಿರಾಶೆಯಿತ್ತು.

ನಗದೆ ಇದ್ದವರು ಫಾಲ್ಗುಣಿಬೆನ್ ಒಬ್ಬರೇ. ಅವರಿಗೆ ಧಾನ್ಯ ಗೊತ್ತು, ಬಟ್ಟೆ ಗೊತ್ತಿಲ್ಲ, ನನ್ನ ಹಾಗೆ. "ರಾವ್ ಭಾಯ್, ನನ್ನ ಮಾತು ನಂಬಿ ಜನ ನನ್ನ ಅಂಗಡಿಗೆ ಬರುತ್ತಾರೆ. ನಾನು ಯಾರ ಮಾತು ನಂಬಲಿ?" ಎಂದು ಮೆಲ್ಲಗೆ ಹೇಳಿ ಮಾದರಿಯನ್ನು ನನ್ನ ಕೈಗೆ ವಾಪಸು ಇಟ್ಟರು. ನಕ್ಕವರಿಂದ ಆಗದ ಅವಮಾನ ಅದರಿಂದ ಆಯಿತು.

ಮನೆಗೆ ಬಂದು ವಸಂತಿಗೆ ಎಲ್ಲವನ್ನೂ ಹೇಳಿದೆ. ಕಾರ್ಡನ್ನೂ ತೋರಿಸಿದೆ. ಅವಳು ಓದಿ, ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೊಮ್ಮೆ ಓದಿದಳು.

"ಹತ್ತಿ ಅಂತ ನಿಮಗೆ ಹೇಳಿದ್ದು ಯಾರು?"

"ಯಾರೂ ಹೇಳಲಿಲ್ಲ."

"ಎಂಟು ತಿಂಗಳಿಂದ ಹೊಲಿತಾ ಇದ್ದೇನೆ. ಇಸ್ತ್ರಿ ಸ್ವಲ್ಪ ಬಿಸಿ ಆದ್ರೆ ಕರಗಿ ಅಂಟಿಕೊಳ್ತದೆ ಇದು. ನನಗೆ ಗೊತ್ತಿರ್ಲಿಕ್ಕಿಲ್ವಾ? ಮಂಜುಳಾಬೆನ್ ಗಂಟಿನ ಮೇಲೇ ಬರೆದು ಕಳಿಸ್ತಾರೆ."

"ನನಗೆ ಗೊತ್ತಿರಲಿಲ್ಲ ವಸಂತಿ."

"ಕೇಳಿದ್ರೆ ಗೊತ್ತಾಗ್ತಿತ್ತು. ನೀವು ಯಾವತ್ತು ಕೇಳಿದ್ದೀರಿ?"

ಅವಳು ಜೋರಾಗಿ ಹೇಳಲಿಲ್ಲ. ಅನ್ನಕ್ಕೆ ಕುಕ್ಕರ್ ಇಡುವಾಗ ಹೇಳುವ ದನಿಯಲ್ಲಿ ಹೇಳಿ ಒಳಗೆ ಹೋದಳು. ನನಗೆ ನಾಚಿಕೆಯಾಯಿತು. ಚೀಲದ ಬಗ್ಗೆ ಮಾತ್ರವಲ್ಲ. ಆ ಡಿಪ್ಲೊಮಾದ ಉಳಿದ ನಾಲ್ಕು ತಿಂಗಳಲ್ಲಿ ಏನು ಕಲಿಸುತ್ತಿದ್ದರು ಎಂದು ನಾನು ಕೇಳಿಲ್ಲ. ಆ ಹನ್ನೊಂದು ಮಕ್ಕಳು ಒತ್ತಕ್ಷರವನ್ನು ಆಮೇಲೆ ಯಾರಿಂದ ಕಲಿತರು, ಕಲಿತರೋ ಇಲ್ಲವೋ, ಅದನ್ನೂ ಕೇಳಿಲ್ಲ. ನಾನು ಮೂರು ಊರಿನ ಸಭೆಗಳಲ್ಲಿ ಗುರುತಿಲ್ಲದವರ ಕಾರ್ಡು ಸಂಗ್ರಹಿಸುತ್ತಿದ್ದಾಗ, ಅವಳು ಪ್ರತಿ ಊರಿನಲ್ಲಿ ಬಿಟ್ಟುಬಂದವರ ಜೊತೆ ಇಪ್ಪತ್ತು ವರ್ಷಗಳಿಂದ ಫೋನಿನಲ್ಲಿ ಮಾತಾಡುತ್ತಲೇ ಇದ್ದಳು. ಅದನ್ನು ನಾನು ಹರಟೆ ಎಂದು ಕರೆಯುತ್ತಿದ್ದೆ.

ಎರಡು ದಿನ ಕಳೆದು ಅವಳೇ ಫಾಲ್ಗುಣಿಬೆನ್‌ಗೆ ಫೋನ್ ಮಾಡಿದಳು. ನಾನು ಪತ್ರಿಕೆ ಹಿಡಿದು, ಕಿವಿಯನ್ನು ಮಾತ್ರ ಆ ಕಡೆ ಇಟ್ಟಿದ್ದೆ. ನನಗಿಂತ ಚೆನ್ನಾಗಿ ಗುಜರಾತಿ ಮಾತಾಡುತ್ತಾಳೆ. "ಬೆನ್, ಇದು ಪ್ಲಾಸ್ಟಿಕ್ ನೂಲಿನ ಬಟ್ಟೆಯೇ. ನಿಮ್ಮ ಬಣ್ಣ ಹಿಡಿಯುವುದಿಲ್ಲ, ಮಣ್ಣಿನಲ್ಲಿ ಕರಗುವುದಿಲ್ಲ. ನಾನು ಹೊಲಿಯದಿದ್ದರೆ ಇದನ್ನು ಎಲ್ಲೋ ಸುಡುತ್ತಾರೆ, ಅಷ್ಟೇ. ಹತ್ತು ಕಿಲೋ ಅಕ್ಕಿ ಹಾಕಿದರೂ ಹರಿಯುವುದಿಲ್ಲ, ತೊಳೆದರೆ ಬೇಗ ಒಣಗುತ್ತದೆ. ಇದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇಲ್ಲ" ಎಂದಳು. ಆ ಕಡೆಯವರು ಬಹಳ ಹೊತ್ತು ಏನೋ ಹೇಳಿದರು. ವಸಂತಿ ಹ್ಞೂಂ ಎಂದಳು, ನಕ್ಕಳು, ರೇಖಾಬೆನ್ ಹೊಲಿಗೆ ಇನ್ನೂ ಸ್ವಲ್ಪ ಸೊಟ್ಟ ಎಂದೂ ಹೇಳಿಬಿಟ್ಟಳು. ಫೋನಿಟ್ಟ ಮೇಲೆ ನಾನು ತಡೆಯಲಾರದೆ ಕೇಳಿದೆ.

"ಎಂತ ಅಂದ್ರು?"

"ಐವತ್ತು ತಗೊಳ್ತಾರಂತೆ. ಅಕ್ಕಿಗೆ. ಸೂರತ್ತಿನ ಮುಂದಿನ ಸಭೆಗೆ ಬಂದು ಈಗ ಫೋನಿನಲ್ಲಿ ಹೇಳಿದ್ದನ್ನೇ ಎಲ್ಲರ ಎದುರು ಹೇಳಿ ಅಂತ ಕರೆದರು."

"ನಮ್ಮನ್ನಾ?"

"ನನ್ನನ್ನು."

ಹೀಗೆ ಒಂದು ಬೆಳಿಗ್ಗೆ ನಾನು ಅಹಮದಾಬಾದ್ ನಿಲ್ದಾಣದಲ್ಲಿ ಸೂರತ್ ರೈಲಿನ ಕಿಟಕಿಯ ಹೊರಗೆ ನಿಂತಿದ್ದೆ, ವಸಂತಿ ಒಳಗೆ ಕೂತಿದ್ದಳು. ಅವಳ ಮಡಿಲಲ್ಲಿ ಚೀಲಗಳ ಕಟ್ಟು, ಅದರ ಮೇಲೆ ಅವಳದೇ ಅಕ್ಷರದಲ್ಲಿ ಬರೆದ ಒಂದು ಹಾಳೆ. ನೀರು ಇದೆಯಾ, ಟಿಕೆಟ್ ಇದೆಯಾ, ಇಳಿದ ಕೂಡಲೇ ಫೋನ್ ಮಾಡು, ಎಂದೆಲ್ಲ ನಾನು ಹೇಳುತ್ತಿದ್ದೆ. ಈ ಮಾತುಗಳನ್ನು ಕಿಟಕಿಯ ಹೊರಗಿನಿಂದ ಹೇಳಿ ನನಗೆ ಅಭ್ಯಾಸವಿರಲಿಲ್ಲ. ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ರೈಲು ಹೊರಡುವ ಹೊತ್ತಾದಾಗ ಕೇಳಿಯೇ ಬಿಟ್ಟೆ.

"ಅಲ್ಲಿ ಜಯಂತಿಭಾಯಿ, ರಾವ್ ಎಲ್ಲಿ ಅಂತ ಕೇಳಿದ್ರೆ ಎಂತ ಹೇಳ್ತಿ?"

ವಸಂತಿ ಹಾಳೆಯನ್ನು ಮಡಚಿ ಚೀಲಗಳ ಕಟ್ಟಿನೊಳಗೆ ಸಿಕ್ಕಿಸಿದಳು.

"ಟ್ರಾನ್ಸ್‌ಫರ್ ಆಗಿದೆ ಅಂತ ಹೇಳ್ತೇನೆ."

"ಎಲ್ಲಿಗೆ?"

"ಹಿಂದಿನ ಕೋಣೆಗೆ. ಮಧ್ಯಾಹ್ನ ಚಿಂದಿ ಗಂಟು ಬರ್ತದೆ, ಬಿಚ್ಚಿ ಬಣ್ಣ ನೋಡಿ ಬೇರೆ ಬೇರೆ ಮಾಡಿ ಇಡಿ. ಗೊತ್ತಾಗದಿದ್ರೆ ರೇಖಾಬೆನ್ ಹತ್ರ ಕೇಳಿ."

ರೈಲು ಹೊರಟಿತು. ಟ್ರಾನ್ಸ್‌ಫರ್ ರದ್ದು ಮಾಡಿಸಿ ಎಂದು ಅವಳು ನನಗೆ ಮೂವತ್ತೆರಡು ವರ್ಷದಲ್ಲಿ ಒಂದು ಸಲವೂ ಹೇಳಿರಲಿಲ್ಲ. ನಾನೂ ಏನೂ ಹೇಳದೆ, ಹೊರಗೆ ಬಂದು ಆಟೋ ಹಿಡಿದು, ಹೊಸ ಜಾಗದಲ್ಲಿ ಡ್ಯೂಟಿಗೆ ಹಾಜರಾದೆ.